ಹೆಜ್ಜೆ ಲೆಕ್ಕ

ಬರ್ಕಾದಲ್ಲಿ ಬೆಳಗಿನ ನಾಲ್ಕೂವರೆ.
ಲಾಯದ ಕದ ತೆಗೆದರೆ ವಸ್ಮಿಯಾ ಮೊದಲು ಕಿವಿ ತಿರುಗಿಸುತ್ತಾಳೆ,
ಆಮೇಲೆ ಕತ್ತು,
ಆಮೇಲೆ, ಬಹಳ ಹೊತ್ತು ಬಿಟ್ಟು,
ಹಿಂದಿನ ಎಡಗಾಲು.

ಹತ್ತೊಂಬತ್ತು ತುಂಬಿದೆ. ಒಂದು ಕಾಲಕ್ಕೆ
ನೂರಿಪ್ಪತ್ತು ಕಿಲೋಮೀಟರು ಮರಳಲ್ಲಿ ಓಡಿ ಬಂದು
ಇನ್ನೂ ಎಲ್ಲಿಗೆ ಅನ್ನುವ ಹಾಗೆ ನಿಂತವಳು.
ಈಗ ನೀರಿನ ತೊಟ್ಟಿಯೇ ದೂರ.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರ್ ಇಸಾಮ್ ತೋರಿಸಿದರು:
ಕೀಲಿನ ಸಂದಿಯಲ್ಲಿ ಇರಬೇಕಾದ ಕಪ್ಪು ಗೆರೆ
ಅಲ್ಲಲ್ಲಿ ಅಳಿಸಿತ್ತು.
ಅವರ ಸುಡಾನಿನ ಅರಬಿ, ನನ್ನ ಮುರುಕು ಅರಬಿ,
ಎರಡರ ನಡುವೆ ಅರ್ಥವಾದದ್ದು ಆ ಗೆರೆ ಒಂದೇ.
ವಾಸಿ ಮಾಡೋದಲ್ಲ ಚಲುವರಾಜ್, ಸಂಭಾಳಿಸೋದು, ಅಂದರು.

ಕೀಲಿಗೇ ಚುಚ್ಚುವ ಸೂಜಿಯಿದೆ, ಆರು ತಿಂಗಳು ಹಿಡಿದರೆ ಪುಣ್ಯ.
ನೋವಿನ ಪುಡಿ ನೋವನ್ನು ತಿನ್ನುತ್ತದೆ,
ದಿನಾ ಕೊಟ್ಟರೆ ಹೊಟ್ಟೆಯನ್ನೂ.
ಇನ್ನೊಂದು, ನೀಲಿ ಡಬ್ಬಿ: ಗ್ಲುಕೋಸಮೈನ್, ಯಾವುದೋ ಕಡಲಿನ ಚಿಪ್ಪಿನ ಹುಡಿ,
ಸೇಬಿನ ವಾಸನೆ, ತಿಂಗಳಿಗೆ ಇಪ್ಪತ್ತೆಂಟು ರಿಯಾಲು.
ಕೆಲಸ ಮಾಡುತ್ತಾ ಡಾಕ್ಟ್ರೇ?
ಕೊಂಡವರಿಗೆ ಸಮಾಧಾನವಂತೂ ಆಗುತ್ತೆ, ಅಂತ ನಕ್ಕರು.
ನಗು ನಿಂತ ಮೇಲೆ, ಕೆಲವು ಕುದುರೆಗೆ ಆಗುತ್ತೆ, ಅಂದರು.

ಕುಣಿಗಲ್ ಫಾರಮ್ಮಿನಲ್ಲಿ ನಮ್ಮಪ್ಪ
ಎಕ್ಕದೆಲೆಗೆ ಹರಳೆಣ್ಣೆ ಸವರಿ, ಕೆಂಡಕ್ಕೆ ಹಿಡಿದು ಕಟ್ಟುತ್ತಿದ್ದ.
ಎಕ್ಕ ಇಲ್ಲೂ ಇದೆ, ಹೆದ್ದಾರಿಯ ಪಕ್ಕ, ಯಾರೂ ನೀರು ಹಾಕದೆ.
ಒಂದು ಚೀಲ ಕಿತ್ತು ತಂದೆ.
ಅದರ ಹಾಲು ನೆಕ್ಕಿದರೆ ಬಾಯಿ ಸುಡುತ್ತೆ, ಎಸೆ, ಅಂದರು ಡಾಕ್ಟರು.
ಎಸೆದೆ. ಎರಡೆಲೆ ಮಾತ್ರ ನನ್ನ ಮಂಡಿಗೆ ಇಟ್ಟುಕೊಂಡೆ.

ಯಜಮಾನಿ ಜುವೈನಾ ಬ್ಯಾಂಕಿನಿಂದ ನೇರ ಬಂದವಳು,
ಹಿಮ್ಮಡಿ ಚಪ್ಪಲಿ ಲದ್ದಿಯಲ್ಲಿ ಹೂತರೂ ನೋಡದೆ,
ಎಲ್ಲವನ್ನೂ ಕೊಡಿ, ಅಂದಳು.
ಅವಳ ತಂದೆ ಕೊನೆಗೆ ಹತ್ತಿದ ಕುದುರೆ ಇದು.

ಹಾಗೆ ಒಂದೇ ವಾರ ಪುಡಿಯೂ ಶುರು, ಕಡಲೂ ಶುರು.
ಕಡಲು ಪುಕ್ಕಟೆ.
ಹೊಟ್ಟೆ ಮುಳುಗುವಷ್ಟು ನೀರಿಗೆ ಇಳಿಸುತ್ತೇನೆ,
ಅಲ್ಲಿ ಅವಳಿಗೆ ತೂಕವಿಲ್ಲ,
ಬಾಲ ನೀರ ಮೇಲೆ ಬಿಚ್ಚಿದ ಜಡೆ.
ಮೀನಿನವರು ಬಲೆ ಎಳೆಯುತ್ತ ಸಲಾಂ ಹೇಳುತ್ತಾರೆ
ನನಗಲ್ಲ, ಅವಳಿಗೆ.

ಇಳಿಯುವ ಮುಂಚೆ, ಗಟ್ಟಿ ಮರಳಲ್ಲಿ ಎಣಿಸುತ್ತೇನೆ:
ಎಷ್ಟು ಹೆಜ್ಜೆಗೆ ಆ ಗೊರಸು ಎಳೆಯುವುದು ನಿಂತು ಏಳುತ್ತದೆ?
ಅಕ್ಟೋಬರಿನಲ್ಲಿ ೬೪. ನವೆಂಬರಿನಲ್ಲಿ ೫೧.
ಜನವರಿ ಕೊನೆಗೆ ೩೦.
ಅಪ್ಪ ಫಾರಮ್ಮಿನ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಅಂಕಿ,
ಡಾಕ್ಟರು ಪುಸ್ತಕ ತಲೆಕೆಳಗೆ ಹಿಡಿದು,
ಇವು ಮೀನಿನ ಗಾಳವೇ, ಅಂತ ಕೇಳಿದರು.
ಒಂದೊಂದನ್ನೂ ಓದಿ ಹೇಳಿದೆ.

ಹಾಗಾದರೆ ಯಾವುದು ನಾಟಿತು, ಡಬ್ಬಿಯೋ ಕಡಲೋ?
ಜುವೈನಾ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.
ಎರಡನ್ನೂ ಒಟ್ಟಿಗೆ ಹಚ್ಚಿದ್ದು ನನ್ನದೇ ತಪ್ಪು.
ಒಂದು ತಿಂಗಳು ಡಬ್ಬಿ ನಿಲ್ಲಿಸಿ ನೋಡೋಣ, ಅಂದರು ಡಾಕ್ಟರು.

೩೧. ೨೯. ೩೩. ೩೩.
ಮೋಡದ ದಿನ ೪೦, ಅದು ಚಳಿಗೂ ಇರಬಹುದು.
ಮರುದಿನ ೨೮.
ಅಂಕಿಗಳು ಯಾರ ಪರವಾಗಿಯೂ ಸಾಕ್ಷಿ ಹೇಳಲಿಲ್ಲ.

ವಸ್ಮಿಯಾ ಮಾತ್ರ ಹುಲ್ಲಿನ ಬೋಗುಣಿಯ ತಳದಲ್ಲಿ
ಮೂಗಿಟ್ಟು ಹುಡುಕುತ್ತಾಳೆ, ಸೇಬನ್ನು.
ಡಬ್ಬಿ ಖಾಲಿ. ಅದರಲ್ಲಿ ಈಗ ಖರ್ಜೂರ ತುಂಬಿಟ್ಟಿದ್ದೇನೆ.
ಒಂದು ಅವಳಿಗೆ, ಬೀಜ ತೆಗೆದು.
ಒಂದು ನನಗೆ.
ಆಮೇಲೆ ಹಗ್ಗ ಹಿಡಿದು
ಇಬ್ಬರೂ ಕುಂಟುತ್ತ ಎಣಿಸಲು ಹೊರಡುತ್ತೇವೆ.